ಕಂಬಳಿಯ ಮೇಲೆ ಕೂತ ನಾಯಿ

ನವೆಂಬರ್ 9, ಶನಿವಾರ

ಈ ಕಥೆ ಮೊದಲು ಹೇಳಿದವನು ಜುಲ್ಫೀಕಾರ. ಇವತ್ತೇ, ಸಂಜೆ ಏಳಕ್ಕೆ, ನಮ್ಮ ಮನೆಯ ಕಟ್ಟೆಯ ಮೇಲೆ. ಅವ್ವನ ಪದ್ಧತಿ ಬಿಡಲಾಗುವುದಿಲ್ಲ. ಯಾರು ಹೇಳಿದರು, ಯಾವಾಗ ಹೇಳಿದರು ಎನ್ನದೆ ಅವಳು ಕಥೆ ಬಿಚ್ಚುತ್ತಿರಲಿಲ್ಲ. ಕೇಳಿದವರು ಮರುದಿನ ಬೆಳಿಗ್ಗೆ ಎದ್ದು ಏನು ಮಾಡಿದರು ಎನ್ನದೆ ಕಟ್ಟುತ್ತಲೂ ಇರಲಿಲ್ಲ.

ಡ್ಯೂಟಿಯಿಂದ ಬಂದು ಕಾಲು ತೊಳೆಯುತ್ತಿದ್ದೆ. ಇಡೀ ದಿನ ಭಾಲ್ಕಿಯ ಎಮ್ಮೆಗಳೆಲ್ಲ ನಮ್ಮ ಪಶು ಆಸ್ಪತ್ರೆಯಲ್ಲೇ. ಅಷ್ಟರಲ್ಲಿ ಜುಲ್ಫೀಕಾರನ ಹಾಲಿನ ಟೆಂಪೋ ಬಂದು ನಿಂತಿತು.

"ಸಿದ್ದೇಶಣ್ಣ, ಹೊರಗ ಬರ್ರಿ. ಪೇಶೆಂಟ್ ತಂದೀನಿ."

"ಎಮ್ಮಿ ಇದ್ರ ನಾಳಿಗಿ ಬಾ ಅನ್ನು."

"ಎಮ್ಮಿ ಟೆಂಪೋದಾಗ ಕೂಡ್ತದೇನ್ರಿ? ನಾಯಿ ಅದ."

ಕ್ಯಾನುಗಳ ನಡುವೆ ಒಂದು ಕರಿ ಕಂಬಳಿಯ ಗಂಟು. ಗಂಟಿನಿಂದ ಮೂತಿ ಮಾತ್ರ ಹೊರಗೆ. ಎರಡು ಕಣ್ಣು. ಕಂದು ಮೈ, ಎದೆ ಮೇಲೆ ಬಿಳಿ ಮಚ್ಚೆ. ಕುರಿ ಕಾಯುವ ಜಾತಿ — ಉದ್ದ ಕಾಲು, ಒಣ ಹೊಟ್ಟೆ.

ಜುಲ್ಫೀಕಾರ ಹೇಳಿದ್ದು ಹೀಗೆ: "ಮುಂಜಾನಿ ಹನ್ನೊಂದಕ್ಕ ಬೀದರಕ್ಕ ಹೋಗುವಾಗ ನೋಡ್ದೆ. ಹಲಬರ್ಗಾ ದಾಟಿದ ಮ್ಯಾಲ ಹಳ್ಳಕ್ಕ ಸಣ್ಣ ಪೂಲ್ ಅದಲ್ಲ, ಆ ಜಾಲಿಗಿಡದ ಬುಡಕ ಕೂತಿತ್ತು. ಐದಕ್ಕ ತಿರುಗಿ ಬಂದ್ರ ಅಲ್ಲೇ ಅದ. ಕಸಂ ಸೇ ಅಣ್ಣ, ಒಂದು ಗೇಣು ಸರದಿಲ್ಲ. ಇಳದು ನೋಡಿದ್ರ ಮುಂದಿನ ಕಾಲು ಊದ್ಯದ. ಯಾವನೋ ಬೈಕ್ ಹಾಯಿಸ್ಯಾನ. ಮುಟ್ಟಾಕ ಹೋದ್ರ ಹಲ್ಲು ತೋರಸ್ತು. ಕೆಳಗಿನ ಕಂಬಳಿ ಸಮೇತ ಸುತ್ತಿ ಎತ್ತಿದೆ."

"ಮಾಲಕ?"

"ಮಾಲಕ ಇದ್ರ ಕುಂಟ ನಾಯಿ ರೋಡಿಗಿ ಬಿಟ್ಟು ಹೋಗ್ತಿದ್ನೇನ್ರಿ?"

ಹೌದೆನ್ನಿಸಿತು. ಎಲುಬು ಮುರಿದಿಲ್ಲ. ಪಟ್ಟಿ ಕಟ್ಟಿದೆ. ಇಂಜೆಕ್ಷನ್. ಒಮ್ಮೆಯೂ ಕುಂಯ್ ಅನ್ನಲಿಲ್ಲ. ಜುಲ್ಫೀಕಾರ ಅದಕ್ಕೆ ಭೂರಾ ಎಂದು ಹೆಸರಿಟ್ಟು ಹೋದ.

ನವೆಂಬರ್ 10, ರವಿವಾರ

ನನ್ನ ಹೆಂಡತಿ ಶಾಂತಾಬಾಯಿ ಬೆಳಿಗ್ಗೆಯೇ ಕಂಬಳಿ ಒಗೆದು ಹಾಕಿದ್ದಾಳೆ. ಸಾಬೂನಿನ ಪುಡಿ ಹಾಕಿ, ಬಡಿದು, ಎರಡು ಸಲ. "ಏನ್ ನಾತರಿ ಅದು! ಕುರಿ, ಹೊಗಿ, ಬೀಡಿ, ಎಲ್ಲಾ ಅದರಾಗ." ಭೂರಾ ಒದ್ದೆ ಕಂಬಳಿಯ ಕೆಳಗೆ ಹೋಗಿ ನಿಂತಿತು. ಮೂಸಿತು. ಮತ್ತೆ ಮೂಸಿತು. ನೀರು ಅದರ ಬೆನ್ನ ಮೇಲೆ ತೊಟ್ಟಿಕ್ಕುತ್ತಿತ್ತು.

ಸಂಜೆ ಕುತುಬೋದ್ದೀನನ ಹೋಟೆಲಿನಲ್ಲಿ ಕಥೆ ಹೇಳಿದೆ. ಹತ್ತು ಹನ್ನೆರಡು ಜನ ಇದ್ದರು. ಚಹಾ ಆರಿ ಹೋಯಿತು, ಯಾರೂ ಮುಟ್ಟಲಿಲ್ಲ. ಹೇಳುತ್ತ ಹೇಳುತ್ತ "ಮುಂಜಾನಿಂದ" ಅನ್ನುವುದು "ಮೂರು ದಿನದಿಂದ" ಆಯಿತು. ನಾಲಿಗೆ ತಾನೇ ಹೊರಳಿತು. ಆರು ತಾಸಿಗೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಅವ್ವನ ಕಥೆಗಳಲ್ಲಿ ಎಲ್ಲವೂ ಮೂರೇ — ಮೂರು ಬಾಗಿಲು, ಮೂರು ಮಾತು, ಮೂರು ಹಗಲು ಮೂರು ರಾತ್ರಿ. ಕಂಬಳಿಯನ್ನೂ ಬಿಟ್ಟೆ. ಕಂಬಳಿ ಅಂದರೆ ಯಾರೋ ಹಾಸಿ ಕೊಟ್ಟ ಹಾಗಾಗುತ್ತದೆ. ಬರೀ ನೆಲ, ಇಬ್ಬನಿ, ಉಪವಾಸ.

ಕುತುಬೋದ್ದೀನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಆ ಮಾಲಕ ಕೈಗಿ ಸಿಗಲಿ, ಸಿದ್ದೇಶಣ್ಣ. ಕುದಿಯೂ ಚಹಾ ತಲಿಮ್ಯಾಲ ಹೊಯ್ತೇನಿ."

ಚಹಾ ಹಾಕಿಸಿ ಹೇಳುವ ಕಥೆ ಇಷ್ಟು ಚೆನ್ನಾಗಿ ಬಂದು ಬಹಳ ದಿನ ಆಗಿತ್ತು. ಖುಷಿಯಲ್ಲಿ ಮನೆಗೆ ಬಂದೆ.

ನವೆಂಬರ್ 13, ಬುಧವಾರ

ನಾವಿರುವುದು ಎರಡು ಕೋಣೆಯ ಬಾಡಿಗೆ ಮನೆ. ಮಾಲಕರು ಬಂದು ನಾಯಿ ನೋಡಿದರು. ಕಥೆ ಅವರಿಗೂ ಮುಟ್ಟಿದೆ, ಅದಕ್ಕೇ ಬಯ್ಯಲಿಲ್ಲ. "ತಿಂಗಳ ಕೊನಿ ತನಕ ಇರ್ಲಿರಿ. ಆಮ್ಯಾಲ ಒಂದು ಛಲೋ ಜಾಗಾ ನೋಡ್ರಿ." ನೋಡಬೇಕು.

ಒಂದು ವಿಚಿತ್ರ. ನಾವಿಬ್ಬರೂ ಒಳಗೆ ಬರುವ ತನಕ ಅದು ಮಲಗುವುದಿಲ್ಲ. ನಾನೊಂದು ಕೋಣೆ, ಇವಳೊಂದು ಕೋಣೆಯಲ್ಲಿದ್ದರೆ ಕುಂಟುತ್ತ ಇಬ್ಬರನ್ನೂ ನೋಡಿ ಬರುತ್ತದೆ. "ಎಣಸ್ತದರಿ ಇದು," ಎಂದಳು ಶಾಂತಾಬಾಯಿ. "ಇಬ್ರು ಆದೆವಾ, ಮುಗೀತು. ಮಲಗ್ತದ."

ಕುತುಬೋದ್ದೀನ ಇವತ್ತು ಏನೋ ಹೇಳಲು ಬಂದ. "ಸಿದ್ದೇಶಣ್ಣ, ನಿನ್ನಿ ಒಬ್ಬ…" ಅಂದ. ಗಿರಾಕಿ ಕೂಗಿದರು. ಹೋದ.

ನವೆಂಬರ್ 24, ರವಿವಾರ

ಜಾಗ ಸಿಕ್ಕಿತು. ಬೀದರಿನಲ್ಲಿ, ಕೋಟೆಯ ಹತ್ತಿರ, ನಾಹೀದಳ ಮನೆ. ಹಿಂದೆ ಟ್ರೇನಿಂಗಿಗೆ ಬೀದರಿನಲ್ಲಿದ್ದಾಗ ಅವರ ಮನೆಯಲ್ಲೇ ಬಾಡಿಗೆಗಿದ್ದೆ. ಆಗ ಫ್ರಾಕ್ ಹಾಕಿಕೊಂಡು ನನ್ನಿಂದ ಕಥೆ ಕೇಳುತ್ತಿದ್ದವಳು ಈಗ ಸಾಲಿ ಟೀಚರ್. ಫೋನಿನಲ್ಲಿ ಮೂರು ದಿನದ ಕಥೆ ಕೇಳಿ ಅತ್ತಳು. "ಚಾಚಾ, ನಮ್ಮ ಮನ್ಯಾಗ ಅಂಗಳ ಅದ. ತಂದು ಬಿಡ್ರಿ."

ಜುಲ್ಫೀಕಾರನ ಟೆಂಪೋದಲ್ಲೇ ಹೋದೆವು. ಹಲಬರ್ಗಾ ದಾಟಿ ಆ ಪೂಲಿನ ಹತ್ತಿರ ಬಂದಾಗ ಭೂರಾ ಎದ್ದು ನಿಂತಿತು. ಹಗ್ಗ ಜಗ್ಗಿತು. ಹಿಡಿದು ಕೂರಿಸಿದೆ.

"ಪಾಪ, ಹೆದರ್ಯದ," ಎಂದ ಜುಲ್ಫೀಕಾರ. "ಮೂರು ದಿನ ಕೂತ ಜಾಗಾ ಅಲ್ಲ."

ಈಗ ಅವನೂ ಮೂರು ದಿನ ಅನ್ನುತ್ತಾನೆ! ನಗು ಬಂತು.

ಡಿಸೆಂಬರ್ 3, ಮಂಗಳವಾರ

ನಾಹೀದಳ ಫೋನ್. ನಗುತ್ತಲೇ ಹೇಳಿದಳು, ಆದರೆ ಸುಸ್ತಾದ ನಗು. ನಿನ್ನೆ ಮನೆಗೆ ನೆಂಟರು ಬಂದಿದ್ದರಂತೆ. ಭೂರಾ ಏಳು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅಂಗಳದ ಮೂಲೆಗೆ ಒತ್ತಿಕೊಂಡು ಹೋಗಿ ಮುಂದೆ ಕೂತುಬಿಟ್ಟಿತಂತೆ. ಕಚ್ಚಿಲ್ಲ, ಬೊಗಳಿಲ್ಲ. ಹೊರಗೆ ಕಾಲಿಟ್ಟರೆ ಹಿಮ್ಮಡಿಗೆ ಮೂತಿ. ನೆಂಟರು ಹೊರಟು ನಿಂತರೆ ಗೇಟಿಗೆ ಅಡ್ಡ.

"ಚಾಚಾ, ಜಾನವರ್ ಬಹಳ ಶರೀಫ್ ಅದ. ಆದ್ರ ನಮ್ಮ ಮನಿ ಮಂದಿ ಕುರಿ ಅಲ್ಲರಿ."

ಆಮೇಲೆ ದನಿ ಇಳಿಸಿ: "ಸಂಜಿ ಐದಾದ್ರ ಗೇಟಿನ ಸಂದ್ಯಾಗ ಮೂತಿ ಇಟ್ಟು ಕೂಡ್ತದ. ಕರದ್ರ ಬರಲ್ಲ. ಊಟ ಬ್ಯಾಡ. ನೋಡಾಕ ಆಗಲ್ಲ ಚಾಚಾ."

ಡಿಸೆಂಬರ್ 6, ಶುಕ್ರವಾರ

ನಾಹೀದಳ ಮನೆಯಿಂದ ಭೂರಾನನ್ನು ಕರೆದುಕೊಂಡು ಸೀದಾ ಬಗದಲ್. ಶಿವರಾಜಪ್ಪ ಎಂಬ ರೈತರು ಹೊಲದ ಕಾವಲಿಗೆ ನಾಯಿ ಬೇಕೆಂದಿದ್ದರು. ತೋಟ, ಬಾವಿ, ಎತ್ತು ನಾಲ್ಕು. ಬಯಲಂತೂ ಬೇಕಾದಷ್ಟು. ಕಥೆ ಹೇಳಿದೆ. ಶಿವರಾಜಪ್ಪ ಕೈ ಮುಗಿದರು. "ದಯೆ ಬೇಕಲ್ಲರಿ ಎಲ್ಲಾ ಜೀವಕ್ಕ. ನಮ್ಮಲ್ಲೇ ಇರಲಿ."

ಬರುವಾಗ ಕಂಬಳಿಯನ್ನು ಅಲ್ಲೇ ಬಿಟ್ಟು ಬಂದೆ.

ಡಿಸೆಂಬರ್ 20, ಶುಕ್ರವಾರ

ಹದಿನಾಲ್ಕು ದಿನ ಬರೆದಿಲ್ಲ. ಫೋನ್ ಮಾಡಿದಾಗಲೆಲ್ಲ ಶಿವರಾಜಪ್ಪ "ಅದರಿ, ಅದ" ಅಂದಿದ್ದರು. ಇವತ್ತು ಆ ಕಡೆ ಎತ್ತು ನೋಡಲು ಹೋಗಿದ್ದೆ, ಅವರ ತೋಟಕ್ಕೂ ಹೊಕ್ಕೆ.

ಸರಪಳಿ. ಕೊರಳಿನ ಸುತ್ತ ಕೂದಲಿಲ್ಲ, ಹಸಿ ಮಾಂಸ. ನನ್ನನ್ನು ನೋಡಿ ಬಾಲ ಆಡಿಸಲಿಲ್ಲ. ನನ್ನ ಹಿಂದೆ ನೋಡಿತು.

ಶಿವರಾಜಪ್ಪನ ಕಣ್ಣಲ್ಲಿ ನೀರು. "ಬಯ್ಯಬ್ಯಾಡ್ರಿ. ಬಿಟ್ಟರ ರೋಡಿಗಿ ಹೋಗಿ ಕೂಡ್ತದ. ಲಾರಿ ಹೋಗೂ ರೋಡು. ಗಾಡಿಗಿ ಸಿಕ್ಕು ಸಾಯಬಾರದಂತ ಕಟ್ಟೀನಿ. ಕಟ್ಟಿದರ ಹೀಂಗ ಜಗ್ಗತದ. ನಾ ಏನ್ ಮಾಡ್ಲಿ, ಹೇಳ್ರಿ?"

ಸರಪಳಿ ಬಿಚ್ಚಿದೆ. ಕಂಬಳಿ ಸಮೇತ ಮನೆಗೆ ತಂದೆ. ಶಾಂತಾಬಾಯಿ ಅರಿಶಿನ ಹಚ್ಚಿದಳು. ಮನೆ ಮಾಲಕರು ಕಿಟಕಿಯಿಂದ ನೋಡಿ ಕಿಟಕಿ ಮುಚ್ಚಿದರು.

ಡಿಸೆಂಬರ್ 22, ರವಿವಾರ

ಔರಾದ ಪಶು ಆಸ್ಪತ್ರೆಯ ನನ್ನ ಜೊತೆಗಾರ ಮುಸ್ತಕೀಮ ಒಂದು ಹೆಸರು ಕೊಟ್ಟ. ದಾನಮ್ಮ. ಐವತ್ತರ ಹೆಂಗಸು. ಒಬ್ಬಳೇ. ಇಪ್ಪತ್ತೆರಡು ಆಡು. ಹೋದ ತಿಂಗಳು ತೋಳ ಎರಡು ಮರಿ ಒಯ್ದಿದೆ.

ಟೆಂಪೋದಿಂದ ಇಳಿಸಿದ್ದೇ ತಡ, ಭೂರಾ ಆಡುಗಳ ಸುತ್ತ ಒಂದು ಸುತ್ತು ಹಾಕಿತು. ಕುಂಟುತ್ತಲೇ. ಒಂದು ಹೋತ ದೂರ ಬೇಲಿಯಲ್ಲಿತ್ತು. ಅದನ್ನು ತಂದು ಸೇರಿಸಿತು. ಆಮೇಲೆ ಕೂತಿತು, ನಾಲಿಗೆ ಹೊರಗೆ ಹಾಕಿ. ನಲವತ್ತು ದಿನದಲ್ಲಿ ಮೊದಲ ಸಲ ಅದರ ಮುಖ ಬಿಚ್ಚಿದ್ದು ನೋಡಿದೆ.

ದಾನಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. "ಎಣಿಸಿ ಮುಗೀತೇನಪಾ? ಇಪ್ಪತ್ತೆರಡು ಅದಾವಾ?" ಅಂತ ಅದನ್ನೇ ಕೇಳಿದಳು. ನನ್ನ ಕಡೆ ನೋಡಲೇ ಇಲ್ಲ.

ಬರುವಾಗ ಜುಲ್ಫೀಕಾರ ಹಾರ್ನ್ ಬಾರಿಸುತ್ತ ಬಂದ. ಮನಸ್ಸು ಹಗುರ. ಕಥೆಗೆ ಕೊನೆ ಸಿಕ್ಕಿತು.

ಡಿಸೆಂಬರ್ 30, ಸೋಮವಾರ. ಎಳ್ಳ ಅಮಾವಾಸ್ಯೆ

ಇಡೀ ಊರು ಹೊಲದಲ್ಲಿ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಊಟಕ್ಕೆ ಕೂತವರು ಭೂರಾನ ಕಥೆ ಹೇಳು ಅಂದರು. ಹೇಳಿದೆ, ಆಡುಗಳ ಕೊನೆ ಸೇರಿಸಿ.

ಸಂಜೆ ದಾನಮ್ಮ ಫೋನ್ ಮಾಡಿದಳು. "ಹಬ್ಬ ಉಂಡ್ರೇನ್ರಿ? ಒಂದು ಮಾತದ. ನಾಯಿ ಹಗಲೆಲ್ಲಾ ಛಲೋ ಇರ್ತದ. ಐದಾತಂದ್ರ ಆಡು ದೊಡ್ಡಿಗಿ ಸೇರಿಸಿ, ಎಣಿಸಿ, ರೋಡಿಗಿ ಹೋಗಿ ಕೂಡ್ತದ. ಮೊನ್ನಿ ಅಲ್ಲೂ ಇರಲಿಲ್ಲ. ಹುಡುಕ್ಕೋತ ಹೋದ್ರ ಭಾಲ್ಕಿ ರೋಡಿಗಿ ಎರಡು ಹರದಾರಿ ನಡದಿತ್ತು. ಕುಂಟ್ಕೋತ. ಒಮ್ಮಿ ಬಂದು ಹೋಗ್ರಿ."

ಜನವರಿ 5, ರವಿವಾರ

ಔರಾದಕ್ಕೆ ಹೋಗಿ ಬಂದೆ. ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ದಾನಮ್ಮ ಚಹಾ ಕೊಟ್ಟಳು. ಭೂರಾ ದೊಡ್ಡಿಯ ಬಾಗಿಲಲ್ಲಿ ಅದೇ ಕಂಬಳಿ ಮೇಲೆ ಮಲಗಿತ್ತು.

"ಇದು ಸಿಕ್ಕದ್ದು ಹ್ಯಾಂಗ? ಮತ್ತೊಮ್ಮಿ ಹೇಳ್ರಿ."

ಹೇಳಿದೆ. ಮೂರು ದಿನ, ಬರೀ ನೆಲ, ಇಬ್ಬನಿ. ಅವಳು ಕೈ ಅಡ್ಡ ಹಿಡಿದಳು.

"ನೆಲದ ಮ್ಯಾಲಾ? ಮತ್ತ ಈ ಕಂಬಳಿ ಎಲ್ಲಿದು?"

"ಅದು… ಅದರ ಕೆಳಗಿತ್ತು."

"ಅದರ ಕೆಳಗಿತ್ತು," ಅಂತ ಅವಳೂ ಅಂದಳು. ಲೋಟ ಕೆಳಗಿಟ್ಟಳು. "ನನ್ನ ತವರಾಗ ಕುರಿ ಅದಾವರಿ. ಕುರಿಯವ ಹೆಂಡ್ತಿನ್ನ ಬಿಟ್ಟು ಹೋದಾನು, ಕಂಬಳಿ ಬಿಟ್ಟು ಹೋಗಲ್ಲ. ಕಂಬಳಿ ಹಾಸಿ ಹೋದ ಅಂದ್ರ ತಿರುಗಿ ಬರ್ತೇನಿ ಅಂತ ಅರ್ಥ. ನಮ್ಮಪ್ಪ ಹಾಂಗೇ ಮಾಡ್ತಿದ್ದ. ನಡಿಯಾಕ ಬರದ ನಾಯಿ ಇದ್ರ ಕಂಬಳಿ ಮ್ಯಾಲ ಕೂಡ್ರಿಸಿ 'ಕೂಡು' ಅನ್ನೂದು. ಹಿಂಡು ಮುಂದಿನ ಹೊಲಕ್ಕ ಮುಟ್ಟಿಸೂದು. ಸಂಜಿಗಿ ತಟ್ಟು ಹೊಡಕೊಂಡು ಬಂದು ಹೇರಿಕೊಂಡು ಹೋಗೂದು. ಖರೇ ಹೇಳ್ರಿ. ಎಷ್ಟು ದಿನ ಕೂತಿತ್ತು ಇದು?"

ತಟ್ಟು — ಕುರಿಯವರ ಜೊತೆ ಸಾಮಾನು ಹೊತ್ತು ನಡೆಯುವ ಸಣ್ಣ ಕುದುರೆ. ಊರಲ್ಲಿ ಸಣ್ಣವನಿದ್ದಾಗ ಎಷ್ಟು ಸಲ ಅದರ ಹಿಂದೆ ಓಡಿದ್ದೇನೆ. ಕಂಬಳಿಯ ಮಾತೂ ಗೊತ್ತಿತ್ತು ನನಗೆ. ಎಲ್ಲೋ ಗೊತ್ತಿತ್ತು.

"ಮುಂಜಾನಿಂದ," ಅಂದೆ. "ಹನ್ನೊಂದರಿಂದ ಐದರ ತನಕ."

ದಾನಮ್ಮ ಬಾಗಿಲಲ್ಲಿ ಮಲಗಿದ್ದ ನಾಯಿಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ: "ಇದು ಅನಾಥ ನಾಯಿ ಅಲ್ಲರಿ ಸಾಹೇಬ್ರ. ಇದರ ಮ್ಯಾಲ ಯಾರದೋ ಮಾತು ಅದ."

ಜನವರಿ 6, ಸೋಮವಾರ

ಹೋಟೆಲಿಗೆ ಹೋದೆ. ಕುತುಬೋದ್ದೀನನಿಗೆ ಕೇಳಿದೆ — ಅವತ್ತು ನೀ ಏನೋ ಹೇಳಾಕ ಬಂದಿದ್ದಿ, ಏನದು?

ಅವನಿಗೆ ನೆನಪಿತ್ತು. ಪುಣ್ಯಕ್ಕೋ ಪಾಪಕ್ಕೋ, ಪೂರಾ ನೆನಪಿತ್ತು.

"ಒಬ್ಬ ಕುರಿಯವ ಬಂದಿದ್ದ. ಮಂಗಳವಾರ. ಮೈಮ್ಯಾಲ ಬರೀ ಅಂಗಿ, ಚಳಿಗಿ ನಡುಗ್ತಿದ್ದ. ನಾಯಿ ಕೂಡ್ರಿಸಿ ಹೋಗಿದ್ದೆ, ಸಂಜಿಗಿ ತಟ್ಟು ತಗೊಂಡು ಬಂದ್ರ ನಾಯಿನೂ ಇಲ್ಲ, ಕಂಬಳಿನೂ ಇಲ್ಲ ಅಂದ. ನಾ ಅಂದೆ, ಒಂದು ನಾಯಿ ಅದ, ನಮ್ಮ ಕಾಂಪೌಂಡರ್ ಕಡಿ. ಆದ್ರ ಅದು ಮೂರು ದಿನ ಉಪಾಸ ಬರೀ ನೆಲದ ಮ್ಯಾಲ ಕೂತಿತ್ತು. ಯಾವನೋ ಹರಾಮಿ ಬಿಟ್ಟು ಓಡ್ಯಾನ ಅಂದೆ."

"ಅಂವ ಏನಂದ?"

"ಹಂಗಾರ ನಂದಲ್ಲರಿ ಅಂದ. ನಾ ಮೂರು ದಿನ ಬಿಡವನಲ್ಲ, ನಂದು ಕಂಬಳಿ ಮ್ಯಾಲ ಕೂತದ ಅಂದ. ಅರ್ಧ ಚಹಾ ಕುಡದು ಹೋದ…"

ಹೇಳುತ್ತ ಹೇಳುತ್ತ ಕುತುಬೋದ್ದೀನನ ದನಿ ನಿಂತಿತು. ನನ್ನ ಮುಖ ನೋಡಿದ.

"ಸಿದ್ದೇಶಣ್ಣ. ಕಂಬಳಿ ಇತ್ತೇನು?"

ಆಸ್ಪತ್ರೆಯಿಂದ ನನ್ನ ಮನೆಗೆ ಮುನ್ನೂರು ಹೆಜ್ಜೆ. ಹೋಟೆಲಿನಿಂದ ಅದಕ್ಕೂ ಕಡಿಮೆ. ಅವತ್ತು ಮಂಗಳವಾರ ಕಂಬಳಿ ನಮ್ಮ ಕಟ್ಟೆಯ ಮೇಲೆ ಬಿಸಿಲಿಗೆ ಹರವಿತ್ತು.

ಜನವರಿ 8, ಬುಧವಾರ

ಅವನ ಹೆಸರು ಕುತುಬೋದ್ದೀನ ಕೇಳಿರಲಿಲ್ಲ. ಎರಡು ದಿನ ಸಿಕ್ಕ ಕುರಿಯವರನ್ನೆಲ್ಲ ಕೇಳಿದೆ. ಇವತ್ತು ಮಧ್ಯಾಹ್ನ ಹೊಳೆಯಿತು. ದೀಪಾವಳಿಗೆ ಮೊದಲು ಕುರಿಗಳಿಗೆ ಲಸಿಕೆ ಹಾಕಿದ ರಿಜಿಸ್ಟರ್.

ತೆಗೆದು ನೋಡಿದೆ. ಅಕ್ಟೋಬರ್ 22. ನನ್ನದೇ ಅಕ್ಷರ. "ಮೈಲಾರಪ್ಪ. ಔರಾದ ತಾಲೂಕು. ಕುರಿ 140. ಫೋನ್ — ಹೆಂಡತಿ ಅಂಜನಾಬಾಯಿಯದು." ಅಂಚಿನಲ್ಲಿ ಸಣ್ಣದಾಗಿ: "ನಾಯಿಗೂ ಸೂಜಿ ಹಾಕಿ ಅಂದ. ಹಾಕಿದೆ. ಹೆಸರು ಹಂಡ್ಯಾ. ಕಂದು, ಎದೆ ಮೇಲೆ ಬಿಳಿ ಮಚ್ಚೆ."

ಅವನ ಕೈಯಿಂದ ಆ ನಾಯಿಯನ್ನು ಹಿಡಿದು ಸೂಜಿ ಹಾಕಿದವನು ನಾನೇ. ಹದಿನೆಂಟು ದಿನಕ್ಕೆ ಮುಖ ಮರೆತಿತ್ತು.

ಜನವರಿ 9, ಗುರುವಾರ

ಮೂರು ಸಲ ಫೋನ್ ಹಚ್ಚಿ ಕಟ್ ಮಾಡಿದೆ. ನಾಲ್ಕನೆಯ ಸಲ ಅಂಜನಾಬಾಯಿ ಎತ್ತಿದಳು. ಎಲ್ಲ ಹೇಳಿದೆ. ಕೂಡಿಸದೆ, ಬಿಡದೆ. ಅವಳು "ಹ್ಞೂಂ" ಅಷ್ಟೇ ಅನ್ನುತ್ತಿದ್ದಳು.

ಅವತ್ತು ನಾಯಿ ಸಿಗದೆ ಮೈಲಾರಪ್ಪ ಹಿಂಡನ್ನು ಹೆಂಡತಿಯ ಕೈಗೆ ಬಿಟ್ಟು ಅದೇ ಜಾಲಿಗಿಡದ ಬುಡಕ್ಕೆ ಬಂದು ಕೂತಿದ್ದನಂತೆ. ಎರಡು ದಿನ ಎರಡು ರಾತ್ರಿ. ಎಲ್ಲಿಗಾದರೂ ಹೋಗಿದ್ದರೆ ಇಲ್ಲಿಗೇ ತಿರುಗಿ ಬರುತ್ತದೆ ಎಂದು. ಕಂಬಳಿ ಇಲ್ಲ. ನವೆಂಬರಿನ ಇಬ್ಬನಿ.

ಬರೀ ನೆಲ, ಇಬ್ಬನಿ, ಉಪವಾಸ. ನಾನು ಕಟ್ಟಿದ ಕಥೆಯನ್ನು ಅವನು ಕೂತು ಅನುಭವಿಸಿದ.

"ಅವತ್ತು ಎದಿಗಿ ಕೂತ ಕೆಮ್ಮು ಇನ್ನ ಇಳದಿಲ್ಲರಿ. ಬೀದರ ದವಾಖಾನಿಗಿ ಹೋಗಿ ಬಂದೀವಿ. ಈಗ ಮನ್ಯಾಗೇ ಮಲಗ್ಯಾರ. ಹಿಂಡು ಮೈದುನ ಕಾಯ್ತಾನ," ಎಂದಳು. ಆಮೇಲೆ ಆ ಕಡೆ ಏನೋ ಮಾತು. ಫೋನ್ ಕೈ ಬದಲಾಯಿತು. ಉಸಿರು. ಕೆಮ್ಮು. ಮತ್ತೆ ಉಸಿರು.

"ಸಾಹೇಬ್ರ… ಕಾಲು ಹ್ಯಾಂಗ ಅದರಿ ಅದರದು?"

ಮೊದಲ ಮಾತು ಅದು. "ಮೇಲಾಗ್ಯದ. ಸ್ವಲ್ಪ ಕುಂಟತದ," ಅಂದೆ. ನಾಳೆಯೇ ಮನೆಗೆ ತಂದು ಬಿಡುತ್ತೇನೆ, ತಪ್ಪಾಯಿತು, ಕ್ಷಮಿಸಿ ಅಂದೆ. ಎಲ್ಲ ಒಟ್ಟಿಗೆ.

"ಮನಿಗಿ ತರಬ್ಯಾಡ್ರಿ. ಎಲ್ಲಿಂದ ಎತ್ತೀರಿ ಅಲ್ಲೇ ಕೂಡ್ರಸ್ರಿ. 'ಕೂಡು, ಬರ್ತೇನಿ' ಅಂತ ಹೇಳೀನಿ ಅದಕ್ಕ. ನಾನೇ ಬಂದು ಎಬ್ಬಸಬೇಕು. ಇಲ್ಲಂದ್ರ ಅದು ಯಾರ ಮನ್ಯಾಗಿದ್ರೂ ಕೂತೇ ಇರ್ತದ." ಕೆಮ್ಮು. "ಹಬ್ಬ ಆಗಲಿ. ಗುರುವಾರ ಬರ್ತೇನಿ. ನಡಿಯಾಕ ಬರದಿದ್ರ ತಟ್ಟು ಅದಲ್ಲ."

ನಕ್ಕನೇನೋ. ಕೆಮ್ಮಿನಲ್ಲಿ ತಿಳಿಯಲಿಲ್ಲ.

ಜನವರಿ 11, ಶನಿವಾರ

ಸಂಜೆ ಶಾಂತಾಬಾಯಿ ಅಂದಳು: "ನಾ ಒಗೀಬಾರದಿತ್ತರಿ ಅದನ್ನ." ದಾನಮ್ಮನಿಗೆ ಫೋನ್ ಮಾಡಿ, ಕಂಬಳಿಯನ್ನು ಆಡಿನ ದೊಡ್ಡಿಯಲ್ಲಿ ಹಾಸಿಡಲು ಹೇಳಿದಳು. ಸಾಬೂನಿನ ವಾಸನೆ ಹೋಗಲಿ ಅಂತ.

"ಅದು ಮೊದಲೇ ಹೋಗ್ಯದ ತಾಯಿ," ಎಂದಳಂತೆ ದಾನಮ್ಮ. "ಅವನ ವಾಸನಿ ಮಾತ್ರ ಎಲ್ಲಿಂದ ತರೂದು?"

ಜನವರಿ 15, ಬುಧವಾರ

ಬೆಳಿಗ್ಗೆ ಅಂಜನಾಬಾಯಿಯ ಫೋನ್. ನಾಳೆ ಎಷ್ಟು ಗಂಟೆಗೆ ಎಂದು ಕೇಳಲು ಇರಬೇಕು ಅಂದುಕೊಂಡೆ.

ನಿನ್ನೆ ಸಂಕ್ರಮಣದ ದಿನ ಮಧ್ಯಾಹ್ನ ಮೈಲಾರಪ್ಪ ಹೋದ.

ಜನವರಿ 18, ಶನಿವಾರ

ಡ್ಯೂಟಿಗೆ ಹೋಗಿದ್ದೆ. ಎಮ್ಮೆ. ಕರು. ಹುಳದ ಔಷಧಿ. ಏನೂ

ಜನವರಿ 21, ಮಂಗಳವಾರ

ಅಂಜನಾಬಾಯಿಯೇ ಮತ್ತೆ ಮಾಡಿದಳು. ನನಗೆ ಮಾಡುವ ಧೈರ್ಯ ಇರಲಿಲ್ಲ. ಬಯ್ಯಲಿ ಎಂದು ಕಾದೆ. ಬಯ್ಯಲಿಲ್ಲ.

"ಹನ್ನೊಂದರ ಕೆಲಸ ಮುಗೀಲಿರಿ. ಐತವಾರ ಹೊತ್ತು ಏರೂದ್ರಾಗ ನಾ ಬರ್ತೇನಿ, ತಟ್ಟು ತಗೊಂಡು. ಐತವಾರ ಅವರ ದ್ಯಾವರ ದಿನ. ನೀವು ನಾಯಿನ್ನ ಅಲ್ಲೇ ಕೂಡ್ರಸ್ರಿ, ಅವರು ಹೇಳಿದಂಗ."

"ತಾಯಿ, ಹಿಂಡು…"

"ನಲವತ್ತು ಕುರಿ ನನ್ನ ಪಾಲಿಗಿ ಉಳದಾವ. ನಾನೇ ಕಾಯ್ತೇನಿ. ನಾಯಿ ಬೇಕಲ್ಲ." ಫೋನ್ ಇಡುವ ಮೊದಲು: "ಅವರು ಕೊನಿತನಕ ಗುರುವಾರ ಯಾವಾಗ, ಗುರುವಾರ ಯಾವಾಗ ಅಂತಿದ್ರರಿ."

ಜನವರಿ 25, ಶನಿವಾರ. ಸಂಜೆ

ದಾನಮ್ಮ ಭೂರಾನನ್ನು ಕರೆದುಕೊಂಡು ಬಂದಳು, ಬಸ್ಸಿನಲ್ಲಿ. ಕಂಡಕ್ಟರ್ ಜೊತೆ ಜಗಳಾಡಿ ನಾಯಿಗೂ ಟಿಕೀಟು ತೆಗೆಸಿದ್ದಾಳೆ. ಆಡು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರಂತೆ. ಕಂಬಳಿಯ ಜೊತೆ, ಒಂದು ತಿಂಗಳು ಅದಕ್ಕೆ ಊಟ ಹಾಕಿದ ತಾಟನ್ನೂ ತಂದಿದ್ದಾಳೆ. "ಇದ್ರಾಗ ಹಾಕಿದ್ರೇ ತಿಂತದ, ಹೇಳ್ರಿ ಆಕಿಗಿ," ಎಂದು ಸೆರಗಿನಿಂದ ತಾಟು ಒರೆಸುತ್ತಲೇ ಇದ್ದಳು.

ಕಟ್ಟೆಯ ಮೇಲೆ ಐದು ಜನ. ಜುಲ್ಫೀಕಾರ, ಕುತುಬೋದ್ದೀನ, ದಾನಮ್ಮ, ಶಾಂತಾಬಾಯಿ, ನಾನು. ಕಥೆ ಹೇಳಿದೆ. ಸರಿಯಾಗಿ.

ಮೂರು ದಿನ ಅಲ್ಲ. ಆರು ತಾಸು. ನೆಲದ ಮೇಲೆ ಅಲ್ಲ. ಅವನ ಕಂಬಳಿಯ ಮೇಲೆ. ಬಿಟ್ಟು ಓಡಿದ್ದಲ್ಲ. ಕೂಡ್ರಿಸಿ ಹೋಗಿದ್ದು. ಅವನು ಬಂದ. ನಮ್ಮ ಮನೆಯಿಂದ ಮುನ್ನೂರು ಹೆಜ್ಜೆಯ ಒಳಗೆ ಬಂದು ಅರ್ಧ ಚಹಾ ಕುಡಿದು ಹೋದ. ನನ್ನ ಕಥೆ ಅವನನ್ನು ವಾಪಸ್ ಕಳಿಸಿತು.

ಯಾರೂ ವಾಹ್ ಅನ್ನಲಿಲ್ಲ. ಯಾರೂ ಅಳಲೂ ಇಲ್ಲ. ಕುತುಬೋದ್ದೀನ ತನ್ನ ಕೈಗಳನ್ನೇ ನೋಡುತ್ತ ಕೂತ.

ಜುಲ್ಫೀಕಾರ ತಲೆ ಎತ್ತದೆ ಅಂದ: "ನಾ ಅವತ್ತೇ ಹೇಳಿದ್ದೆ ಅಣ್ಣ. ಮುಂಜಾನಿಂದ ಅಂತ." ಮತ್ತೆ, "ಆಮ್ಯಾಲ ನಾನೂ ಮೂರು ದಿನ ಅಂದೆ. ಮಂದಿ ಛಲೋ ಕೇಳ್ತಿದ್ರು."

ಭೂರಾ ಐವರ ಸುತ್ತ ಬಂದು, ಎಣಿಸಿ, ಬಾಗಿಲಲ್ಲಿ ಮಲಗಿತು. ನಾಳೆ ಪೂಲಿಗೆ ಬನ್ನಿ ಎಂದು ನಾನು ಯಾರಿಗೂ ಅನ್ನಲಿಲ್ಲ. ಅವರೂ ಬರುತ್ತೇವೆ ಅನ್ನಲಿಲ್ಲ.

ಜನವರಿ 26, ರವಿವಾರ. ಹಲಬರ್ಗಾ ಪೂಲು

ಇಲ್ಲೇ ಕೂತು ಬರೆಯುತ್ತಿದ್ದೇನೆ. ಪುಸ್ತಕ ಮೊಣಕಾಲ ಮೇಲೆ.

ಕೇಳಿದವರು ಬೆಳಿಗ್ಗೆ ಎದ್ದು ಮಾಡಿದ್ದು ಇದು. ಆಸ್ಪತ್ರೆಯಲ್ಲಿ ಝಂಡಾ ಇತ್ತು, ನಾನು ಹೋಗಲಿಲ್ಲ. ಆರಕ್ಕೆ ಬಾಗಿಲು ತೆಗೆದರೆ ಟೆಂಪೋ ನಿಂತಿತ್ತು. ಹಾಲಿನ ಕ್ಯಾನು ಒಂದೂ ಇಲ್ಲ. ಜುಲ್ಫೀಕಾರ ಒಳಗೆಲ್ಲ ತೊಳೆದಿದ್ದ. ಕುತುಬೋದ್ದೀನ ಹೋಟೆಲಿಗೆ ಬೀಗ ಹಾಕಿ ಒಂದು ಥರ್ಮಾಸ್ ಹಿಡಿದು ಬಂದಿದ್ದ. "ಅವತ್ತು ಅರ್ಧ ಚಹಾ ಬಿಟ್ಟು ಹೋದ," ಎಂದ. ಅಷ್ಟೇ. ಶಾಂತಾಬಾಯಿ ಕಂಬಳಿ ಹೊತ್ತುಕೊಂಡಳು. ದಾನಮ್ಮ ತಾಟು.

ಏಳಕ್ಕೆ ಇಲ್ಲಿ ಇಳಿದೆವು. ಇಬ್ಬನಿ. ಜಾಲಿಗಿಡದ ಬುಡಕ್ಕೆ ಕಂಬಳಿ ಹಾಸಿದೆವು. ಹಗ್ಗ ಬಿಚ್ಚಿದೆ. ಭೂರಾ — ಹಂಡ್ಯಾ — ನೆಲ ಮೂಸಿತು, ಗಿಡ ಮೂಸಿತು. ಕಂಬಳಿಯ ಮೇಲೆ ಒಂದು ಸುತ್ತು ತಿರುಗಿ ಕೂತಿತು. ಯಾರೂ ಕೂಡು ಅನ್ನಲಿಲ್ಲ. ರೋಡಿನ ಕಡೆ ಬೆನ್ನು, ಹೊಲದ ದಾರಿಯ ಕಡೆ ಮುಖ. ನಾಹೀದಳ ಗೇಟಿನಲ್ಲಿ, ಬಗದಲ್ಲಿನ ರೋಡಿನಲ್ಲಿ ಹುಡುಕಿದ್ದು ಈ ದಾರಿಯನ್ನೇ ಇರಬೇಕು.

9:20

ತಟ್ಟಿನ ಗಂಟೆ ಕೇಳಿತು. ನಮಗಿಂತ ಮೊದಲು ಅದಕ್ಕೆ ಕೇಳಿತ್ತು. ಕಿವಿ ನಿಮಿರಿದವು. ಮೈ ಇಡೀ ನಡುಗಿತು. ಬೊಗಳಿತು! ಎಪ್ಪತ್ತೆಂಟು ದಿನದಲ್ಲಿ ಮೊದಲ ಸಲ ಅದರ ದನಿ ಕೇಳಿದೆವು. ಆದರೆ ಕಂಬಳಿ ಬಿಟ್ಟು ಕದಲಲಿಲ್ಲ.

ಅಂಜನಾಬಾಯಿ ಬಂದಳು. ಹೆಗಲ ಮೇಲೆ ಗಂಡನ ಇನ್ನೊಂದು ಕಂಬಳಿ, ಕೈಯಲ್ಲಿ ಅವನ ಕೋಲು. ನಮ್ಮ ಕಡೆ ನೋಡಲಿಲ್ಲ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅದು ಕೈ ನೆಕ್ಕಿತು, ಮುಖ ನೆಕ್ಕಿತು, ಕೋಲು ಮೂಸಿತು. ಹೆಗಲ ಮೇಲಿನ ಕಂಬಳಿಯಲ್ಲಿ ಮೂತಿ ಇಟ್ಟು ಬಹಳ ಹೊತ್ತು ಹಾಗೇ ಇತ್ತು. ಬಾಲ ನೆಲಕ್ಕೆ ಬಡಿಯುತ್ತಿತ್ತು.

ಆಮೇಲೆ ಅವಳ ಹಿಂದೆ ನೋಡಿತು.

"ಏಳೋ ಹಂಡ್ಯಾ. ಹೋಗೂನು."

ಏಳಲಿಲ್ಲ.

"ನಾ ಬಂದೀನಲ್ಲೋ. ಏಳು ತಮ್ಮಾ." ಅವಳ ದನಿ ಅಲ್ಲಿ ಮುರಿಯಿತು. "ಅಂವ ಬರಾಂಗಿಲ್ಲೋ."

ಎದ್ದಿತು ಆಗ. ಕುಂಟುತ್ತ ಒಂದು ದೊಡ್ಡ ಸುತ್ತು ಹಾಕಿತು. ಅಂಜನಾಬಾಯಿ. ತಟ್ಟು. ದಾನಮ್ಮ. ಶಾಂತಾಬಾಯಿ. ಕುತುಬೋದ್ದೀನ. ಜುಲ್ಫೀಕಾರ. ನಾನು. ಒಬ್ಬೊಬ್ಬರ ಹಿಮ್ಮಡಿಗೆ ಮೂತಿ ತಾಗಿಸುತ್ತ ಎಲ್ಲರನ್ನೂ ಗಿಡದ ಹತ್ತಿರಕ್ಕೆ ಒತ್ತಿಕೊಂಡು ಬಂತು. ಮತ್ತೊಮ್ಮೆ ಸುತ್ತಿತು. ಮತ್ತೊಮ್ಮೆ. ನಿಂತು ಹೊಲದ ದಾರಿ ನೋಡಿತು.

ಲೆಕ್ಕ ಕೂಡಲಿಲ್ಲ.

ಬಂದು ಕಂಬಳಿಯ ಮೇಲೆ ಕೂತಿತು.

ಅಂಜನಾಬಾಯಿ ಬಹಳ ಹೊತ್ತು ಅದನ್ನು ನೋಡಿದಳು. ಆಮೇಲೆ ಕೋಲನ್ನು ಗಿಡಕ್ಕೆ ಆನಿಸಿ, ಕಂಬಳಿಯ ಅಂಚಿನಲ್ಲಿ ತಾನೂ ಕೂತಳು. "ಕೂಡೂನು ಬಿಡು. ನಮಗೇನ್ ಅವಸರ ಅದ."

ದಾನಮ್ಮ ಕೂತಳು. ಶಾಂತಾಬಾಯಿ ಕೂತಳು. ಕುತುಬೋದ್ದೀನ ಥರ್ಮಾಸ್ ಮುಚ್ಚಳ ತೆಗೆದು ಒಂದು ಲೋಟ ತುಂಬಿ, ಯಾರಿಗೂ ಕೊಡದೆ, ಗಿಡದ ಬುಡಕ್ಕೆ ಇಟ್ಟ. ಜುಲ್ಫೀಕಾರನ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಡೇರಿಯವರದು. ಬಂದ್ ಮಾಡಿದ.

10:50

ಇಬ್ಬನಿ ಆರಿದೆ. ತಟ್ಟು ಮೇಯುತ್ತಿದೆ. ಅವನು ಅವತ್ತು ಇದನ್ನು ಕೂಡ್ರಿಸಿ ಹೋದದ್ದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ. ಚಹಾ ಆರಿ ಕೆನೆ ಕಟ್ಟಿದೆ. ಹಂಡ್ಯಾ ಈಗ ಒಮ್ಮೆ ಎದ್ದು ನನ್ನ ಹತ್ತಿರ ಬಂತು. ನಾನು ಗುಂಪಿನಿಂದ ಸ್ವಲ್ಪ ದೂರ ಕೂತಿದ್ದೆ. ಹಿಮ್ಮಡಿಗೆ ಮೂತಿ ಹಚ್ಚಿ ಒತ್ತುತ್ತಿದೆ, ಸೇರು ಅಂತ, ಸರಿಯುತ್ತೇನೆ ಸರಿಯುತ್ತೇನೆ ಅಂದರೂ ಬಿಡದೆ